ಖನಿಜಾನ್ವೇಷಣೆಯ ವೃತ್ತಿಗೆ ಸಿದ್ಧರಾಗುವ ಬಗೆ

ಭೂಮಿಯ ತೊಗಟೆಯಲ್ಲಿ ಲೋಹವೇ ಇಲ್ಲದ ಬಂಡೆ ಅಪರೂಪ. ಸರಾಸರಿ ಲೆಕ್ಕದಲ್ಲಿ ಹತ್ತು ಲಕ್ಷ ಭಾಗ ಬಂಡೆಗೆ 50ರಿಂದ 60 ಭಾಗದಷ್ಟು ತಾಮ್ರ ಇರುತ್ತದೆ. ಅದನ್ನು ತೆಗೆದು ಮಾರುವಂತಾಗಬೇಕಾದರೆ ಪ್ರಕೃತಿಯೇ ಆ ತಾಮ್ರವನ್ನು ಒಂದು ಕಡೆ ಸುಮಾರು ನೂರು ಪಟ್ಟು ಸಾಂದ್ರಗೊಳಿಸಿ ಶೇಕಡಾ 0.5ರ ಆಸುಪಾಸಿಗೆ ತಂದಿರಬೇಕು. ಚಿನ್ನಕ್ಕಾದರೆ ಈ ಹೆಚ್ಚಳ ನೂರಾರು ಪಟ್ಟು ಆಗಬೇಕು. ಅಲ್ಯೂಮಿನಿಯಂ ಮಾತ್ರ ತೊಗಟೆಯಲ್ಲಿ ಶೇಕಡಾ 8ರಷ್ಟು ಇರುವುದರಿಂದ ಮೂರು ನಾಲ್ಕು ಪಟ್ಟು ಹೆಚ್ಚಿದರೂ ಸಾಕು, ಬಾಕ್ಸೈಟ್ ಅದಿರು ಎನಿಸಿಕೊಳ್ಳುತ್ತದೆ. ಈ ಹೆಚ್ಚಳ ಎಲ್ಲಿ, ಯಾವಾಗ, ಯಾವ ಕಾರಣದಿಂದ ನಡೆಯಿತು ಎಂದು ಕೇಳುವ ಶಾಸ್ತ್ರ ಆರ್ಥಿಕ ಭೂವಿಜ್ಞಾನ. ಅದರ ಉತ್ತರವನ್ನು ನೆಲದ ಮೇಲೆ ಪರೀಕ್ಷೆಗೆ ಒಡ್ಡುವ ಕೆಲಸ ಖನಿಜಾನ್ವೇಷಣೆ.

ಈ ವೃತ್ತಿಗೆ ಬರಬೇಕೆಂದಿರುವವರು ಮೊದಲು ಒಂದು ಸಂಗತಿಯನ್ನು ಒಪ್ಪಿಕೊಂಡಿರಬೇಕು. ಕೊರೆಯುವ ರಂಧ್ರಗಳಲ್ಲಿ ಬಹುಪಾಲು ಬರಿದಾಗಿರುತ್ತವೆ, ಹುಡುಕಾಟ ನಡೆಸಿದ ಜಾಗಗಳಲ್ಲಿ ಗಣಿಯಾಗುವವು ಬೆರಳೆಣಿಕೆಯಷ್ಟು, ಮತ್ತು ಅತ್ಯಂತ ಸಮರ್ಥ ಭೂವಿಜ್ಞಾನಿಯೊಬ್ಬರು ಒಂದೇ ಒಂದು ಗಣಿಯೂ ತಮ್ಮ ಹೆಸರಿನಲ್ಲಿ ಇಲ್ಲದೆ ನಿವೃತ್ತರಾಗುವುದು ಇಲ್ಲಿ ಸಾಮಾನ್ಯ. ಹಾಗಿರುವಾಗ ಒಬ್ಬರ ಕೆಲಸವನ್ನು ಅಳೆಯುವುದು ಯಾವುದರಿಂದ? ನನ್ನ ಮಟ್ಟಿಗೆ, ಅವರು ಕಲ್ಲಿನಲ್ಲಿ ಏನನ್ನು ಕಂಡರು, ಕಂಡದ್ದನ್ನು ಎಷ್ಟು ಸ್ಪಷ್ಟವಾಗಿ ಬರೆದಿಟ್ಟರು, ಬರೆದದ್ದನ್ನು ಇನ್ನೊಬ್ಬರು ಪರೀಕ್ಷಿಸಲು ಸಾಧ್ಯವೇ ಎಂಬುದರಿಂದ. ಮುಂದಿನ ಸಲಹೆಗಳೆಲ್ಲ ಈ ಅಳತೆಗೋಲನ್ನು ಹಿಡಿದೇ ಬಂದಿವೆ.

ಏನನ್ನು ಓದಬೇಕು

ಭೂವಿಜ್ಞಾನದಲ್ಲಿ ಪದವಿ ಬೇಕೇ ಬೇಕು. ಅನ್ವೇಷಣೆಯಲ್ಲಿ ಮುಂದುವರಿಯುವವರಿಗೆ ಸ್ನಾತಕೋತ್ತರ ಪದವಿ ತುಂಬ ನೆರವಾಗುತ್ತದೆ. ಪಿಎಚ್‌ಡಿ ಮಾಡುವುದಾದರೆ ಒಂದು ನಿರ್ದಿಷ್ಟ ಬಗೆಯ ನಿಕ್ಷೇಪದಲ್ಲಿ ಆಳವಾದ ಪರಿಣತಿ ಪಡೆಯುವ ಉದ್ದೇಶವಿರಲಿ, ಕೆಲಸ ಸಿಗದ ಕಾಲವನ್ನು ಕಳೆಯಲು ಮಾತ್ರ ಅದನ್ನು ಹಿಡಿಯಬೇಡಿ. ಖನಿಜಶಾಸ್ತ್ರ, ಶಿಲಾಶಾಸ್ತ್ರ, ಭೂರಸಾಯನ ಇವೆಲ್ಲ ಪಠ್ಯಕ್ರಮದಲ್ಲಿ ಇದ್ದೇ ಇರುತ್ತವೆ. ಆದರೆ ಎರಡು ವಿಷಯಗಳನ್ನು ವಿದ್ಯಾರ್ಥಿಗಳು ಹಗುರವಾಗಿ ಕಾಣುತ್ತಾರೆ ಮತ್ತು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಅದಕ್ಕಾಗಿ ಪರಿತಪಿಸುತ್ತಾರೆ.

ಮೊದಲನೆಯದು ರಚನಾ ಭೂವಿಜ್ಞಾನ. ಅದಿರನ್ನು ತಂದ ಬಿಸಿ ದ್ರವಗಳು ಬಿರುಕು, ಸ್ತರಭಂಗ (ಬಂಡೆ ಸೀಳಿ ಜಾರಿದ ಜಾಗ) ಮತ್ತು ಮಡಿಕೆಗಳ ದಾರಿ ಹಿಡಿದು ಹರಿದಿರುತ್ತವೆ. ಅದಿರು ಕೂತ ಮೇಲೆ ಅದನ್ನು ಕತ್ತರಿಸಿ ಬೇರೆಡೆಗೆ ಸರಿಸುವುದೂ ಸ್ತರಭಂಗಗಳೇ. ಅಮೆರಿಕದ ಅರಿಜೋನಾದ ಕಲಮಜೂ ನಿಕ್ಷೇಪದ ಕಥೆ ಇದಕ್ಕೆ ಒಳ್ಳೆಯ ಪಾಠ. ಅಲ್ಲಿನ ಸ್ಯಾನ್ ಮ್ಯಾನುಯೆಲ್ ತಾಮ್ರದ ಗಣಿಯಲ್ಲಿ ಅದಿರಿನ ಸುತ್ತ ಬಂಡೆಯ ಖನಿಜಗಳು ವಲಯವಲಯವಾಗಿ ಬದಲಾಗಿದ್ದವು: ನಡುವೆ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಮತ್ತು ಕಪ್ಪು ಅಭ್ರಕ, ಅದರಾಚೆ ಬೆಣಚು ಮತ್ತು ಬಿಳಿ ಅಭ್ರಕ, ಇನ್ನೂ ಹೊರಗೆ ಹಸಿರು ಛಾಯೆಯ ಕ್ಲೋರೈಟ್ ಮತ್ತು ಎಪಿಡೋಟ್. ಈ ವಲಯಗಳು ಪೂರ್ಣ ವೃತ್ತವಾಗದೆ ಅರ್ಧಕ್ಕೇ ನಿಂತಿರುವುದನ್ನು ಭೂವಿಜ್ಞಾನಿ ಡೇವಿಡ್ ಲೋವೆಲ್ ಗಮನಿಸಿದರು. ಹಾಗಾದರೆ ಉಳಿದರ್ಧವನ್ನು ಸ್ತರಭಂಗ ಎಲ್ಲಿಗೆ ಒಯ್ದಿರಬೇಕು ಎಂದು ಲೆಕ್ಕ ಹಾಕಿ, 1965ರಲ್ಲಿ ಕೊರೆಸಿದಾಗ ಆಳದಲ್ಲಿ ಆ ಅರ್ಧ ಸಿಕ್ಕಿತು. ಜಾನ್ ಗಿಲ್ಬರ್ಟ್ ಜೊತೆಗೂಡಿ ಅವರು 1970ರಲ್ಲಿ ಪ್ರಕಟಿಸಿದ ವಲಯಗಳ ಮಾದರಿಯನ್ನು ಪಾರ್ಫಿರಿ ತಾಮ್ರ, ಅಂದರೆ ಶಿಲಾಪಾಕದಿಂದಾದ ಬಂಡೆಯ ಸುತ್ತ ಚದುರಿ ಕೂತ ಇಂಥ ಅದಿರು, ಹುಡುಕುವವರು ಇಂದಿಗೂ ಮೊದಲ ಪಾಠವಾಗಿ ಕಲಿಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಕೊರೆಯುವ ಮೊದಲೇ ಅವರ ಬಳಿ ಸುಳ್ಳಾಗಬಹುದಾದ ಒಂದು ಖಚಿತ ಊಹೆ ಇತ್ತು ಎಂಬುದು.

ಎರಡನೆಯದು ಮೇಲ್ಮಣ್ಣಿನ ಶಾಸ್ತ್ರ. ಹೊರಗೆ ಕಾಣುವ ಅದಿರನ್ನು ಹಿಂದಿನವರು ಬಹುಮಟ್ಟಿಗೆ ಹುಡುಕಿ ಮುಗಿಸಿದ್ದಾರೆ. ಈಗ ಉಳಿದಿರುವುದು ಮಣ್ಣು, ಮರಳು, ಹಿಮನದಿಯ ಕಸ, ಲ್ಯಾಟರೈಟ್ ಇವುಗಳ ಕೆಳಗೆ. ಈ ಹೊದಿಕೆ ಹೇಗೆ ಬಂತು, ಯಾವ ದಿಕ್ಕಿನಿಂದ ಬಂತು ಎಂದು ತಿಳಿಯದವರಿಗೆ ಅದರಲ್ಲಿ ಸಿಕ್ಕ ಸುಳಿವು ಉಪಯೋಗಕ್ಕೆ ಬಾರದು. ಕೆನಡಾದ ಉತ್ತರದಲ್ಲಿ ಚಕ್ ಫಿಪ್ಕೆ ಮತ್ತು ಸ್ಟುವರ್ಟ್ ಬ್ಲಸನ್ ವಜ್ರದ ಜಾಡು ಹಿಡಿದದ್ದು ವಜ್ರದಿಂದಲ್ಲ, ಅದರ ಜೊತೆಗೆ ಕಿಂಬರ್ಲೈಟ್ ಶಿಲೆಯಲ್ಲಿ ಇರುವ ಗಾರ್ನೆಟ್, ಕ್ರೋಮ್ ಡಯಾಪ್ಸೈಡ್‌ನಂಥ ಸೂಚಕ ಖನಿಜಗಳ ಕಣಗಳಿಂದ. ಹಿಮನದಿಗಳು ಆ ಕಣಗಳನ್ನು ನೂರಾರು ಕಿಲೋಮೀಟರ್ ಹೊತ್ತೊಯ್ದಿದ್ದವು. ಹಿಮ ಹರಿದ ದಿಕ್ಕಿಗೆ ವಿರುದ್ಧವಾಗಿ ವರ್ಷಗಟ್ಟಲೆ ಮಾದರಿ ಸಂಗ್ರಹಿಸುತ್ತ ಹೋದ ಅವರು ಲಾಕ್ ಡಿ ಗ್ರಾ ಸರೋವರದ ಬಳಿ 1991ರಲ್ಲಿ ಮೂಲವನ್ನು ಮುಟ್ಟಿದರು. ಎಕಾಟಿ ಗಣಿ 1998ರಲ್ಲಿ ತೆರೆಯಿತು.

ಇವೆರಡರ ಜೊತೆಗೆ ಸಂಖ್ಯಾಶಾಸ್ತ್ರವನ್ನು ಪ್ರೀತಿಯಿಂದಲ್ಲದಿದ್ದರೆ ಕರ್ತವ್ಯವೆಂದಾದರೂ ಕಲಿಯಿರಿ. ರಂಧ್ರಗಳ ನಡುವಿನ ಜಾಗದಲ್ಲಿ ಲೋಹಾಂಶ ಎಷ್ಟಿರಬಹುದೆಂದು ಅಂದಾಜು ಮಾಡುವ ಕ್ರಿಗಿಂಗ್ ವಿಧಾನಕ್ಕೆ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕೆಲಸ ಮಾಡಿದ ಎಂಜಿನಿಯರ್ ಡ್ಯಾನಿ ಕ್ರಿಗ್ ಅವರಿಂದ. ಅದಕ್ಕೆ ಗಣಿತದ ಭದ್ರ ಅಡಿಪಾಯ ಹಾಕಿದವರು ಫ್ರಾನ್ಸಿನ ಜಾರ್ಜ್ ಮಾಥೆರಾನ್. ಇಂದು ಸಾಫ್ಟ್‌ವೇರ್ ಒಂದೇ ಗುಂಡಿ ಒತ್ತಿದರೆ ಬಣ್ಣಬಣ್ಣದ ಅಂದಾಜು ಕೊಡುತ್ತದೆ. ಆ ಬಣ್ಣದ ಹಿಂದೆ ಯಾವ ಊಹೆಗಳಿವೆ ಎಂದು ಕೇಳಬಲ್ಲವರು ತಂಡದಲ್ಲಿ ಕಡಿಮೆ, ಹಾಗಾಗಿಯೇ ಅವರಿಗೆ ಬೇಡಿಕೆ ಹೆಚ್ಚು.

ಓದುವಾಗಲೇ ಕೈಗೆ ಬರಬೇಕಾದ ಕೆಲಸ

ನಕ್ಷೆ ಮಾಡಲು ಕಲಿಯುವುದಕ್ಕೆ ನಕ್ಷೆ ಮಾಡುವುದೊಂದೇ ದಾರಿ. ಬಂಡೆ ಹೊರಗೆ ಕಾಣುವ ಯಾವುದಾದರೂ ಒಂದೆರಡು ಚದರ ಕಿಲೋಮೀಟರ್ ಜಾಗವನ್ನು, ಅನುಮತಿ ಪಡೆದು, ಕಾಲ್ನಡಿಗೆಯಲ್ಲಿ ನಕ್ಷೆ ಮಾಡಿ. ಸುತ್ತಿಗೆ, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ಇಳಿಜಾರು ಅಳೆಯುವ ಕಂಪಾಸ್, ಆಯಸ್ಕಾಂತ, ಸುಣ್ಣಕಲ್ಲನ್ನು ಗುರುತಿಸಲು ನೀರು ಬೆರೆಸಿ ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ, ಒಂದು ಗಟ್ಟಿ ರಟ್ಟಿನ ಟಿಪ್ಪಣಿ ಪುಸ್ತಕ, ಇಷ್ಟು ಸಾಕು. ಬಂಡೆ ಕಂಡ ಜಾಗವನ್ನು ಮಾತ್ರ ಗಾಢ ಬಣ್ಣದಲ್ಲಿ ತುಂಬಿ, ಮಣ್ಣಿನ ಕೆಳಗೆ ಇರಬಹುದೆಂದು ನೀವು ಊಹಿಸಿದ್ದನ್ನು ತಿಳಿಬಣ್ಣದಲ್ಲಿ ತೋರಿಸಿ. ಕಂಡದ್ದು ಮತ್ತು ಊಹಿಸಿದ್ದು ಬೇರೆ ಬೇರೆಯಾಗಿ ಕಾಣುವ ನಕ್ಷೆಯನ್ನು ಮೂವತ್ತು ವರ್ಷದ ನಂತರವೂ ಇನ್ನೊಬ್ಬರು ಬಳಸಬಲ್ಲರು. ಎರಡೂ ಬೆರೆತ ನಕ್ಷೆ ಎಷ್ಟೇ ಅಂದವಾಗಿದ್ದರೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಟಿಪ್ಪಣಿಯಲ್ಲೂ ಇದೇ ಶಿಸ್ತು. "ಬೆಣಚಿನ ಎಳೆಗಳಿವೆ, ಅಗಲ 2ರಿಂದ 5 ಸೆಂಟಿಮೀಟರ್, ಮೀಟರಿಗೆ ನಾಲ್ಕು, ಅಂಚಿನಲ್ಲಿ ತುಕ್ಕುಬಣ್ಣದ ಚೌಕ ಗುಳಿಗಳು" ಎಂಬುದು ವೀಕ್ಷಣೆ. "ಪೈರೈಟ್ ಕೊಳೆತು ಹೋಗಿದೆ, ಚಿನ್ನಕ್ಕೆ ಅನುಕೂಲ" ಎಂಬುದು ವ್ಯಾಖ್ಯಾನ. ಎರಡನ್ನೂ ಬರೆಯಿರಿ, ಪುಟದ ಎರಡು ಬದಿಗಳಲ್ಲಿ ಬರೆಯಿರಿ. ಪ್ರತಿ ಜಾಗದ ಅಕ್ಷಾಂಶ ರೇಖಾಂಶದ ಜೊತೆ ಯಾವ ಡೇಟಮ್ (ಸ್ಥಾನಗಳನ್ನು ಅಳೆಯುವ ಆಧಾರ ಮಾದರಿ) ಬಳಸಿದ್ದೀರಿ ಎಂದೂ ನಮೂದಿಸಿ. ಇದು ಅತಿಯಾದ ಎಚ್ಚರಿಕೆಯಂತೆ ತೋರಬಹುದು. ಆದರೆ ಆಸ್ಟ್ರೇಲಿಯಾ ತನ್ನ ಹಳೆಯ ಡೇಟಮ್ ಬಿಟ್ಟು ಹೊಸದಕ್ಕೆ ಬದಲಾದಾಗ ನಕ್ಷೆಯ ಮೇಲಿನ ಅಂಕಗಳು ಸುಮಾರು 200 ಮೀಟರ್ ಸರಿದವು. ಹತ್ತು ಮೀಟರ್ ಅಗಲದ ಅದಿರಿನ ಪಟ್ಟಿಯನ್ನು 200 ಮೀಟರ್ ತಪ್ಪಿ ಕೊರೆದರೆ ಸಿಗುವುದು ಬರಿಯ ಬಂಡೆ.

ಕಂಪ್ಯೂಟರಿನ ಕೆಲಸವನ್ನು ನಕ್ಷೆ ಮಾಡುವ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ನಿಂದ ಆರಂಭಿಸಬಹುದು, ಅದು ಉಚಿತ. ಕೆನಡಾ, ಆಸ್ಟ್ರೇಲಿಯಾ, ಫಿನ್‌ಲ್ಯಾಂಡ್ ಮುಂತಾದ ದೇಶಗಳ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಗಳು ಕಾಂತೀಯ ಸಮೀಕ್ಷೆ, ಗುರುತ್ವ ಸಮೀಕ್ಷೆ, ಹೊಳೆಮರಳಿನ ರಾಸಾಯನಿಕ ವಿಶ್ಲೇಷಣೆ, ಹಳೆಯ ಕೊರೆತದ ದಾಖಲೆಗಳು ಇವೆಲ್ಲವನ್ನೂ ಬೇಕಾದವರು ತೆಗೆದುಕೊಳ್ಳುವಂತೆ ಇಟ್ಟಿವೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ, 2008ರಿಂದ ಉಚಿತವಾಗಿ ಸಿಗುತ್ತಿವೆ. ಒಂದು ಪ್ರದೇಶವನ್ನು ಆಯ್ದುಕೊಂಡು, ಈ ದತ್ತಾಂಶಗಳನ್ನು ಒಂದರ ಮೇಲೊಂದು ಹೊದಿಸಿ, "ನಾನಾದರೆ ಇಲ್ಲಿ ಕೊರೆಯುತ್ತೇನೆ, ಕಾರಣ ಇದು, ಈ ಆಳದಲ್ಲಿ ಇಂಥದ್ದು ಸಿಗದಿದ್ದರೆ ನನ್ನ ಊಹೆ ತಪ್ಪು" ಎಂದು ನಾಲ್ಕು ಪುಟದ ವರದಿ ಬರೆಯಿರಿ. ಸಂದರ್ಶನಕ್ಕೆ ಹೋಗುವಾಗ ಕೈಯಲ್ಲಿರಬೇಕಾದದ್ದು ಆ ನಕ್ಷೆ ಮತ್ತು ಈ ವರದಿ. ಅಂಕಪಟ್ಟಿ ಎಲ್ಲರ ಬಳಿಯೂ ಇರುತ್ತದೆ.

ಹಳೆಯ ವರದಿಗಳನ್ನು ಓದುವ ಅಭ್ಯಾಸವೂ ಇದೇ ಕಾಲಕ್ಕೆ ಬೆಳೆಯಲಿ. ನೆವಾಡಾದ ಕಾರ್ಲಿನ್ ಚಿನ್ನ ಪತ್ತೆಯಾದದ್ದು 1961ರಲ್ಲಿ. ಅಲ್ಲಿನ ಸ್ತರಭಂಗಗಳ ಬಗ್ಗೆ ಸರ್ಕಾರಿ ಭೂವಿಜ್ಞಾನಿ ರಾಲ್ಫ್ ರಾಬರ್ಟ್ಸ್ ಬರೆದ ಲೇಖನವನ್ನು ಓದಿ ಆ ದಿಕ್ಕಿನಲ್ಲಿ ಹುಡುಕಿದವರು ನ್ಯೂಮಾಂಟ್ ಕಂಪನಿಯ ಜಾನ್ ಲಿವರ್‌ಮೋರ್ ಮತ್ತು ಅಲನ್ ಕೂಪ್. ಆ ಚಿನ್ನದ ಕಣಗಳು ಎಷ್ಟು ಸೂಕ್ಷ್ಮವೆಂದರೆ ಮಸೂರಕ್ಕೂ ಕಾಣವು, ಬಾಣಲೆಯಲ್ಲಿ ತೊಳೆದರೂ ನಿಲ್ಲವು. ಹಿಂದೆ ಅದೇ ಬೆಟ್ಟಗಳಲ್ಲಿ ಬಾಣಲೆ ಹಿಡಿದು ಅಲೆದವರಿಗೆ ಅದು ಕಾಣುವ ಸಂಭವವೇ ಇರಲಿಲ್ಲ.

ಮೊದಲ ಕೆಲಸ: ಕೋರ್ ಶೆಡ್

ಹೊಸಬರನ್ನು ಸಾಮಾನ್ಯವಾಗಿ ಕೊರೆಯುವ ಯಂತ್ರದ ಬಳಿ ಅಥವಾ ಕೋರ್ ಶೆಡ್ಡಿನಲ್ಲಿ ಬಿಡುತ್ತಾರೆ. ಡೈಮಂಡ್ ಡ್ರಿಲ್ಲಿಂಗ್‌ನಲ್ಲಿ ವಜ್ರದ ಹರಳು ಕೂರಿಸಿದ ತುದಿ ಬಂಡೆಯನ್ನು ಕೊರೆದು, ಬಂಡೆ ಉದ್ದನೆಯ ಕಂಬಿಯಂತೆ ಹೊರಬರುತ್ತದೆ, ಅದೇ ಕೋರ್; ಎಚ್‌ಕ್ಯೂ ಅಳತೆಯ ಕೋರ್ 63.5 ಮಿಲಿಮೀಟರ್ ದಪ್ಪ, ಎನ್‌ಕ್ಯೂ 47.6 ಮಿಲಿಮೀಟರ್. ಇನ್ನೊಂದು ಬಗೆಯಾದ ಆರ್‌ಸಿ ಡ್ರಿಲ್ಲಿಂಗ್‌ನಲ್ಲಿ ಬಂಡೆ ಪುಡಿಯಾಗಿ ಗಾಳಿಯ ಒತ್ತಡದೊಂದಿಗೆ ಮೇಲೆ ಬರುತ್ತದೆ. ಅದು ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ, ಆದರೆ ರಚನೆಯ ಮಾಹಿತಿ ಪುಡಿಯೊಂದಿಗೆ ಹೋಗಿಬಿಡುತ್ತದೆ.

ಕೋರ್ ಶೆಡ್ಡಿನ ಕೆಲಸ ಬೇಸರದ್ದೆಂದು ಹೇಳುವವರು ಬಹಳ. ನಾನು ಅದನ್ನು ಒಪ್ಪುವುದಿಲ್ಲ. ದಿನಕ್ಕೆ ನೂರು ಮೀಟರ್ ಬಂಡೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುವ ಅವಕಾಶ ಇಡೀ ವೃತ್ತಿಜೀವನದಲ್ಲಿ ಮತ್ತೆ ಸಿಗುವುದಿಲ್ಲ. ಮೊದಲು ಕೋರನ್ನು ತೊಳೆಯಿರಿ, ತುಂಡುಗಳನ್ನು ಹೊಂದಿಸಿ, ಆಳದ ಗುರುತುಗಳು ಸರಿಯಾಗಿವೆಯೇ ಎಂದು ಅಳೆದು ನೋಡಿ. 3 ಮೀಟರ್ ಕೊರೆದಾಗ 2.7 ಮೀಟರ್ ಕೋರ್ ಮಾತ್ರ ಸಿಕ್ಕಿದ್ದರೆ ರಿಕವರಿ ಶೇಕಡಾ 90. ಕಳೆದುಹೋದ 30 ಸೆಂಟಿಮೀಟರ್‌ನಲ್ಲಿ ಮೆತ್ತಗಿನ ಅದಿರೇ ಇದ್ದಿರಬಹುದು, ಹಾಗಾಗಿ ಅದನ್ನು ದಾಖಲಿಸದೆ ಮುಂದೆ ಹೋಗಬಾರದು. 10 ಸೆಂಟಿಮೀಟರ್‌ಗಿಂತ ಉದ್ದದ ಗಟ್ಟಿ ತುಂಡುಗಳ ಮೊತ್ತವನ್ನು ಕೊರೆದ ಉದ್ದದಿಂದ ಭಾಗಿಸಿದರೆ ಬರುವ ಆರ್‌ಕ್ಯೂಡಿ ಸಂಖ್ಯೆ, ಅಂದರೆ ಬಂಡೆ ಎಷ್ಟು ಒಡೆಯದೆ ಉಳಿದಿದೆ ಎಂಬ ಅಳತೆ, ಮುಂದೆ ಗಣಿ ಎಂಜಿನಿಯರಿಗೆ ಬೇಕಾಗುತ್ತದೆ. ಒಣಗಿದ್ದಾಗೊಮ್ಮೆ, ಒದ್ದೆ ಮಾಡಿ ಇನ್ನೊಮ್ಮೆ ಫೋಟೋ ತೆಗೆಯಿರಿ. ಆಮೇಲೆ ಲಾಗಿಂಗ್, ಅಂದರೆ ಯಾವ ಆಳದಲ್ಲಿ ಏನಿದೆ ಎಂದು ದಾಖಲಿಸುವುದು. ಹತ್ತಿರದಿಂದ ಸೆಂಟಿಮೀಟರ್ ಸೆಂಟಿಮೀಟರ್ ನೋಡುವ ಮೊದಲು ಇಡೀ ರಂಧ್ರದ ಪೆಟ್ಟಿಗೆಗಳನ್ನು ಸಾಲಾಗಿ ಹರಡಿ ಒಂದು ಸಲ ನಡೆದು ಬನ್ನಿ. ಬಣ್ಣ ಎಲ್ಲಿ ಬದಲಾಗುತ್ತದೆ, ಎಳೆಗಳು ಎಲ್ಲಿ ದಟ್ಟವಾಗುತ್ತವೆ ಎಂಬುದು ದೂರದಿಂದಲೇ ಮೊದಲು ಕಾಣುವುದು.

ಮಾದರಿ ತೆಗೆಯುವಾಗ ಕೋರನ್ನು ಉದ್ದಕ್ಕೆ ಗರಗಸದಿಂದ ಸೀಳಿ ಒಂದರ್ಧವನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಇನ್ನರ್ಧವನ್ನು ಪೆಟ್ಟಿಗೆಯಲ್ಲೇ ಉಳಿಸಬೇಕು. ಕಳುಹಿಸುವ ಚೀಲಗಳ ಸಾಲಿನಲ್ಲಿ, ಸುಮಾರು ಇಪ್ಪತ್ತಕ್ಕೊಂದರಂತೆ, ಲೋಹಾಂಶ ಮೊದಲೇ ಗೊತ್ತಿರುವ ಪ್ರಮಾಣಿತ ಪುಡಿ, ಲೋಹವೇ ಇಲ್ಲದ ಬ್ಲ್ಯಾಂಕ್, ಮತ್ತು ಒಂದೇ ಮಾದರಿಯ ಎರಡನೇ ಪ್ರತಿ ಇವುಗಳನ್ನು ಗುರುತು ಸಿಗದಂತೆ ಸೇರಿಸುವುದು ರೂಢಿ. ಶ್ರೀಮಂತ ಅದಿರಿನ ಚೀಲದ ಮುಂದಿನ ಸಂಖ್ಯೆಯಲ್ಲೇ ಬ್ಲ್ಯಾಂಕ್ ಇಟ್ಟರೆ ಪುಡಿಮಾಡುವ ಯಂತ್ರವನ್ನು ಸರಿಯಾಗಿ ಶುಚಿಗೊಳಿಸಿದ್ದಾರೆಯೇ ಎಂದು ತಿಳಿಯುತ್ತದೆ. ಫಲಿತಾಂಶ ಬಂದ ದಿನ ಎಲ್ಲರೂ ಮೊದಲು ದೊಡ್ಡ ಸಂಖ್ಯೆಗಳನ್ನು ಹುಡುಕುತ್ತಾರೆ. ನೀವು ಮೊದಲು ಈ ಪರೀಕ್ಷಾ ಮಾದರಿಗಳ ಸಂಖ್ಯೆಗಳನ್ನು ನೋಡಿ. ಅವು ತಪ್ಪಿದ್ದರೆ ಉಳಿದವು ಎಷ್ಟು ದೊಡ್ಡವಾದರೂ ನಂಬುವಂತಿಲ್ಲ.

ಕೋರಿನ ಅರ್ಧವನ್ನು ಉಳಿಸುವುದು ಏಕೆ ಎಂದು ಇಡೀ ಉದ್ಯಮಕ್ಕೆ ಕಲಿಸಿದ್ದು ಇಂಡೋನೇಷ್ಯಾದ ಬುಸಾಂಗ್. ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿ ಅಲ್ಲಿ ಅಪಾರ ಚಿನ್ನ ಸಿಕ್ಕಿದೆ ಎಂದು ಘೋಷಿಸುತ್ತ ಬಂತು, ಅದರ ಷೇರುಗಳು ಗಗನಕ್ಕೇರಿದವು. ಆದರೆ ಆ ಯೋಜನೆಯಲ್ಲಿ ಕೋರನ್ನು ಅರ್ಧ ಉಳಿಸದೆ ಬಹುತೇಕ ಪೂರ್ತಿಯಾಗಿ ಪುಡಿಮಾಡಲಾಗುತ್ತಿತ್ತು, ಮರುಪರೀಕ್ಷೆಗೆ ಸಾಕಷ್ಟು ಕೋರ್ ಉಳಿದಿರಲಿಲ್ಲ. 1997ರಲ್ಲಿ ಇನ್ನೊಂದು ಕಂಪನಿ ತನ್ನದೇ ರಂಧ್ರಗಳನ್ನು ಪಕ್ಕದಲ್ಲೇ ಕೊರೆದಾಗ ಹೇಳಿಕೊಳ್ಳುವಂಥ ಚಿನ್ನ ಕಾಣಲಿಲ್ಲ. ಸ್ವತಂತ್ರ ತಪಾಸಣೆಯಲ್ಲಿ ಮಾದರಿಗಳಿಗೆ ಹೊರಗಿನಿಂದ ಚಿನ್ನ ಬೆರೆಸಿದ್ದು ಬಯಲಾಯಿತು. ಹೊಳೆಮರಳಿನ ಚಿನ್ನದಂತೆ ಅಂಚು ಸವೆದು ದುಂಡಗಾಗಿದ್ದ ಆ ಕಣಗಳು ಗಟ್ಟಿಬಂಡೆಯಿಂದ ಬಂದವಲ್ಲ ಎಂಬುದನ್ನು ಒಂದು ಸೂಕ್ಷ್ಮದರ್ಶಕವೇ ಹೇಳಬಲ್ಲುದಾಗಿತ್ತು. ಆ ಹಗರಣದ ನಂತರ ಕೆನಡಾ 2001ರಲ್ಲಿ ಎನ್‌ಐ 43-101 ಎಂಬ, ಖನಿಜ ಯೋಜನೆಗಳ ಮಾಹಿತಿಯನ್ನು ಹೂಡಿಕೆದಾರರಿಗೆ ಹೇಗೆ ಪ್ರಕಟಿಸಬೇಕೆಂಬ ನಿಯಮವನ್ನು ಜಾರಿಗೆ ತಂದಿತು.

ಕಂಪನಿಯನ್ನು ಆರಿಸುವಾಗ

ದೊಡ್ಡ ಗಣಿ ಕಂಪನಿಗಳಲ್ಲಿ ತರಬೇತಿ ವ್ಯವಸ್ಥಿತವಾಗಿರುತ್ತದೆ, ಸುರಕ್ಷತೆಯ ಶಿಸ್ತು ಬಿಗಿಯಾಗಿರುತ್ತದೆ, ಆದರೆ ಹೊಸಬರು ಒಂದೇ ಕೆಲಸದಲ್ಲಿ ವರ್ಷಗಟ್ಟಲೆ ಉಳಿಯಬಹುದು. ಜೂನಿಯರ್ ಎಂದು ಕರೆಯುವ ಸಣ್ಣ ಅನ್ವೇಷಣಾ ಕಂಪನಿಗಳಿಗೆ ಸ್ವಂತ ಗಣಿ ಇರುವುದಿಲ್ಲ. ಷೇರು ಮಾರಿ ಬಂದ ಹಣದಲ್ಲಿ ಅವು ಕೊರೆಯುತ್ತವೆ. ಅಲ್ಲಿ ಮೊದಲ ವರ್ಷದಲ್ಲೇ ನಕ್ಷೆ, ಕೊರೆತ, ಬಜೆಟ್, ಗುತ್ತಿಗೆದಾರರ ಜೊತೆಗಿನ ಮಾತುಕತೆ ಎಲ್ಲವೂ ತಲೆಯ ಮೇಲೆ ಬೀಳುತ್ತದೆ, ಮತ್ತು ಹಣ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಸರ್ಕಾರಿ ಸಮೀಕ್ಷಾ ಸಂಸ್ಥೆಗಳು ನಿಧಾನ, ಆದರೆ ನಕ್ಷೆ ಮಾಡುವ ಕಲೆ ನಿಜವಾಗಿ ಉಳಿದಿರುವುದು ಅಲ್ಲೇ. ಇವಲ್ಲದೆ ಸಲಹಾ ಸಂಸ್ಥೆ, ಭೂಭೌತ ಸಮೀಕ್ಷೆಯ ಗುತ್ತಿಗೆದಾರರು, ವಿಶ್ಲೇಷಣಾ ಪ್ರಯೋಗಾಲಯ, ಸಾಫ್ಟ್‌ವೇರ್ ಕಂಪನಿ, ಗಣಿಗಳಿಗೆ ಹಣ ಹೂಡುವ ಸಂಸ್ಥೆಗಳ ವಿಶ್ಲೇಷಕ ಹುದ್ದೆ, ಹೀಗೆ ಬೇರೆ ಬಾಗಿಲುಗಳೂ ಇವೆ.

ಗಣಿ ಭೂವಿಜ್ಞಾನಿಯ ಕೆಲಸವನ್ನು ಅನ್ವೇಷಕರು ಕೆಳಗಣ್ಣಿನಿಂದ ನೋಡುವ ಕೆಟ್ಟ ಚಾಳಿಯೊಂದಿದೆ. ಇಂದು ಯಾವ ಬ್ಲಾಕ್ ಕಾರ್ಖಾನೆಗೆ, ಯಾವುದು ಕಸದ ರಾಶಿಗೆ ಎಂದು ಪ್ರತಿದಿನ ನಿರ್ಧರಿಸಿ, ತನ್ನ ಅಂದಾಜು ಎಷ್ಟು ಸರಿಯಾಯಿತೆಂದು ತಿಂಗಳ ಕೊನೆಗೆ ತಿಳಿಯುವುದು ಅವರಿಗೆ ಮಾತ್ರ. ಅನ್ವೇಷಕರಿಗೆ ಅಂಥ ಉತ್ತರ ಹತ್ತು ವರ್ಷಕ್ಕೂ ಸಿಗದಿರಬಹುದು. ಎರಡು ವರ್ಷವಾದರೂ ನಡೆಯುತ್ತಿರುವ ಗಣಿಯಲ್ಲಿ ದುಡಿದು ಬಂದವರು ಅದಿರು ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಬೇಕಾಗಿಲ್ಲ, ಅವರಿಗೆ ಗೊತ್ತಿರುತ್ತದೆ.

ಜೂನಿಯರ್ ಕಂಪನಿಯಿಂದ ಕರೆ ಬಂದರೆ ಸೇರುವ ಮೊದಲು ಅದರ ಪ್ರಕಟಣೆಗಳನ್ನು ಓದಿ. ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಬರುತ್ತದೆ, ಕಳೆದ ವರ್ಷದ ಖರ್ಚಿನಲ್ಲಿ ನೆಲಕ್ಕೆ ಹೋದದ್ದೆಷ್ಟು ಮತ್ತು ಕಚೇರಿಗೆ ಹೋದದ್ದೆಷ್ಟು ಎಂಬುದು ಅವುಗಳ ಲೆಕ್ಕಪತ್ರದಲ್ಲೇ ಇರುತ್ತದೆ. ಕೊರೆತದ ಫಲಿತಾಂಶವನ್ನು ಓದುವುದಕ್ಕೆ ಸ್ವಲ್ಪ ಅಂಕಗಣಿತ ಸಾಕು. "20 ಮೀಟರ್ ಉದ್ದಕ್ಕೆ ಟನ್ನಿಗೆ 5 ಗ್ರಾಂ ಚಿನ್ನ, ಅದರೊಳಗೆ 1 ಮೀಟರ್ ಉದ್ದಕ್ಕೆ 96 ಗ್ರಾಂ" ಎಂಬ ಸಾಲು ಇದೆ ಎಂದುಕೊಳ್ಳೋಣ. 20ನ್ನು 5ರಿಂದ ಗುಣಿಸಿದರೆ 100. ಅದರಲ್ಲಿ 96 ಆ ಒಂದೇ ಮೀಟರಿನದು. ಉಳಿದ 19 ಮೀಟರಿಗೆ ಉಳಿದದ್ದು 4, ಅಂದರೆ ಟನ್ನಿಗೆ ಸುಮಾರು 0.2 ಗ್ರಾಂ. ಇದು 20 ಮೀಟರ್ ಅಗಲದ ಅದಿರಲ್ಲ, ಒಂದು ಮೀಟರಿನ ಎಳೆಯನ್ನು ಉದ್ದಕ್ಕೆ ಸವರಿದ ಲೆಕ್ಕ. ರಂಧ್ರ ಅದಿರಿನ ಪಟ್ಟಿಯನ್ನು ಅಡ್ಡಲಾಗಿ ದಾಟಿದೆಯೇ ಅಥವಾ ಅದರ ಉದ್ದಕ್ಕೇ ಇಳಿದಿದೆಯೇ ಎಂಬುದನ್ನೂ ನೋಡಬೇಕು. ನಿಜವಾದ ಅಗಲವನ್ನು ಹೇಳದ ಪ್ರಕಟಣೆಯ ಬಗ್ಗೆ ಸಂದರ್ಶನದಲ್ಲೇ ಕೇಳಿಬಿಡಿ. ಆ ಪ್ರಶ್ನೆಗೆ ಸಿಡುಕುವ ಮೇಲಧಿಕಾರಿಯ ಕೈಕೆಳಗೆ ಕಲಿಯುವುದು ಕಷ್ಟ.

ಶಿಬಿರದ ಬದುಕು

ಹಲವು ವಾರ ಶಿಬಿರದಲ್ಲಿ, ಆಮೇಲೆ ಕೆಲವು ದಿನ ಮನೆಯಲ್ಲಿ, ಈ ಲಯ ಎಲ್ಲರಿಗೂ ಒಗ್ಗುವುದಿಲ್ಲ. ಒಗ್ಗದಿದ್ದರೆ ಅದು ದೌರ್ಬಲ್ಯವೂ ಅಲ್ಲ. ಸೇರುವ ಮೊದಲೇ ರಜೆಯ ಪಾಳಿ, ಸಂಪರ್ಕದ ಸೌಲಭ್ಯ, ಹತ್ತಿರದ ಆಸ್ಪತ್ರೆಗೆ ತಲುಪುವ ಬಗೆ, ಮಹಿಳೆಯರಿಗೆ ಪ್ರತ್ಯೇಕ ವಸತಿ ಇವುಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಾಡುಪ್ರಾಣಿಗಳ ಬಗ್ಗೆ ಹೊಸಬರಿಗೆ ಇರುವ ಭಯ ವಾಹನಗಳ ಬಗ್ಗೆ ಇದ್ದರೆ ಹೆಚ್ಚು ಉಪಯೋಗ. ಕಚ್ಚಾರಸ್ತೆಯಲ್ಲಿ ದಣಿದು ಓಡಿಸುವುದು, ಬಿಸಿಲಿಗೆ ನೀರಿಲ್ಲದೆ ನಡೆಯುವುದು, ಹೇಳದೆ ಒಬ್ಬಂಟಿಯಾಗಿ ಹೋಗುವುದು, ತಿರುಗುವ ಡ್ರಿಲ್ ರಾಡಿನ ಹತ್ತಿರ ಸಡಿಲ ಬಟ್ಟೆಯಲ್ಲಿ ನಿಲ್ಲುವುದು, ಅಪಾಯವಿರುವುದು ಇವುಗಳಲ್ಲಿ.

ಆ ನೆಲದ ಜನರ ಒಪ್ಪಿಗೆಯ ಮಾತು ಬಂದಾಗ, ಊರಿಗೆ ಕಂಪನಿಯ ಮೊದಲ ಮುಖವಾಗಿ ಬರುವವರು ಭೂವಿಜ್ಞಾನಿ ಎಂಬುದನ್ನು ನೆನಪಿಡಬೇಕು. ಕಾಗದದ ಪರವಾನಗಿ ಕೈಯಲ್ಲಿದ್ದರೂ, ಯಾರ ಹೊಲದಲ್ಲಿ ಮಣ್ಣಿನ ಮಾದರಿ ತೆಗೆಯುತ್ತೀರೋ ಅವರಿಗೆ ಏನು, ಏಕೆ, ಮುಂದೇನು ಎಂದು ತಿಳಿಸಿ ಹೆಜ್ಜೆ ಇಡಬೇಕು. ಗಣಿ ಬರುತ್ತದೆ, ಕೆಲಸ ಸಿಗುತ್ತದೆ ಎಂಬ ಆಸೆಯನ್ನು ಮಾತ್ರ ಎಂದೂ ಬಿತ್ತಬಾರದು. ಪಶ್ಚಿಮ ಆಸ್ಟ್ರೇಲಿಯಾದ ಜುಕನ್ ಕಣಿವೆಯಲ್ಲಿ ಸುಮಾರು 46,000 ವರ್ಷಗಳ ಮಾನವ ವಾಸದ ಕುರುಹಿದ್ದ ಕಲ್ಲಾಸರೆಗಳನ್ನು 2020ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿಗಾಗಿ ಸಿಡಿಸಿದಾಗ, ಆ ಕೆಲಸಕ್ಕೆ ಕಾನೂನಿನ ಅನುಮತಿ ಇತ್ತು.

ಏರಿಳಿತಕ್ಕೆ ಸಿದ್ಧತೆ

ಲೋಹದ ಬೆಲೆ ಇಳಿದಾಗ ಗಣಿ ಕಂಪನಿಗಳು ಮೊದಲು ಕಡಿತಗೊಳಿಸುವುದು ಅನ್ವೇಷಣೆಯ ಖರ್ಚನ್ನು. 1997ರ ನಂತರದ ಕೆಲವು ವರ್ಷ, 2008ರ ಕೊನೆ, 2012ರ ಬಳಿಕದ ನಾಲ್ಕು ವರ್ಷ, ಹೀಗೆ ಒಂದು ವೃತ್ತಿಜೀವನದಲ್ಲಿ ಎರಡು ಮೂರು ಬರಗಾಲ ಬಂದೇ ಬರುತ್ತದೆ. ಇದರೊಡನೆ ಹುಡುಕಾಟದ ನಿಧಾನಗತಿಯನ್ನೂ ಸೇರಿಸಿಕೊಳ್ಳಿ: ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್ 1975ರಲ್ಲಿ ಪತ್ತೆಯಾಗಿ 1988ರಲ್ಲಿ ಉತ್ಪಾದನೆ ಆರಂಭಿಸಿತು, ಚಿಲಿಯ ಎಸ್ಕೊಂಡಿಡಾ 1981ರಲ್ಲಿ ಕಂಡು 1990ರಲ್ಲಿ ಶುರುವಾಯಿತು, ವಜ್ರ ಹುಡುಕಲು ಹೋದವರಿಗೆ ಲ್ಯಾಬ್ರಡಾರ್‌ನಲ್ಲಿ 1993ರಲ್ಲಿ ಸಿಕ್ಕ ವೋಯ್ಸೀಸ್ ಬೇ ನಿಕಲ್ ಗಣಿಯಾಗುವ ಹೊತ್ತಿಗೆ 2005 ಬಂದಿತ್ತು. ಆದ್ದರಿಂದ ಒಳ್ಳೆಯ ವರ್ಷಗಳಲ್ಲಿ ಆರು ತಿಂಗಳ ಖರ್ಚನ್ನು ಎತ್ತಿಡುವುದು ಮತ್ತು ಜೊತೆಗೊಂದು ಎರಡನೇ ಕೌಶಲ ಇಟ್ಟುಕೊಳ್ಳುವುದು ಅಗತ್ಯ. ಅಂತರ್ಜಲ, ಕಟ್ಟಡ ಮತ್ತು ಸುರಂಗಗಳಿಗೆ ಸಂಬಂಧಿಸಿದ ಶಿಲಾ ಯಂತ್ರಶಾಸ್ತ್ರ, ದತ್ತಾಂಶ ನಿರ್ವಹಣೆ, ಗಣಿಯ ತ್ಯಾಜ್ಯದಿಂದ ಆಮ್ಲ ಜಿನುಗುವುದನ್ನು ತಡೆಯುವ ಪರಿಸರ ಭೂರಸಾಯನ, ಇವುಗಳಲ್ಲಿ ಯಾವುದಾದರೂ ಆಗಬಹುದು. ಒಂದೇ ಲೋಹಕ್ಕೆ ಅಂಟಿಕೊಂಡವರಿಗಿಂತ ಒಂದು ಬಗೆಯ ನಿಕ್ಷೇಪದ ಪ್ರಕ್ರಿಯೆಯನ್ನು ಬಲ್ಲವರು ಈ ಏರಿಳಿತದಲ್ಲಿ ಚೆನ್ನಾಗಿ ಈಜುತ್ತಾರೆ. ದೊಡ್ಡ ಹರಳುಗಳ ಪೆಗ್ಮಟೈಟ್ ಶಿಲೆಯನ್ನು ಬಲ್ಲವರಿಗೆ ಲಿಥಿಯಂ, ತವರ, ಟ್ಯಾಂಟಲಂ ಮೂರೂ ಕೆಲಸ ಕೊಡುತ್ತವೆ.

ಐದು ವರ್ಷ ಕಳೆದ ಮೇಲೆ ಒಂದು ಹೊಸ್ತಿಲು ಬರುತ್ತದೆ. 1989ರಲ್ಲಿ ಮೊದಲು ಪ್ರಕಟವಾದ ಆಸ್ಟ್ರೇಲಿಯಾದ ಜಾರ್ಕ್ ಸಂಹಿತೆ ಮತ್ತು ಕೆನಡಾದ ಎನ್‌ಐ 43-101, ಎರಡರಲ್ಲೂ ನೆಲದಲ್ಲಿರುವ ಖನಿಜ ಸಂಪನ್ಮೂಲದ ಅಂದಾಜಿಗೆ ಹೊಣೆ ಹೊರುವ ವ್ಯಕ್ತಿ ಮಾನ್ಯ ವೃತ್ತಿಸಂಘದ ಸದಸ್ಯರಾಗಿರಬೇಕು ಮತ್ತು ಸೂಕ್ತ ಕ್ಷೇತ್ರದಲ್ಲಿ ಕನಿಷ್ಠ ಐದು ವರ್ಷದ ಅನುಭವ ಹೊಂದಿರಬೇಕು. ಜಾರ್ಕ್ ಇನ್ನೂ ಬಿಗಿ: ಅನುಭವ ಅದೇ ಬಗೆಯ ನಿಕ್ಷೇಪದಲ್ಲಿ, ಅದೇ ಬಗೆಯ ಕೆಲಸದಲ್ಲಿ ಆಗಿರಬೇಕು. ಹಾಗಾಗಿ ಸೇರಿದ ದಿನದಿಂದಲೇ ಯಾವ ನಿಕ್ಷೇಪದಲ್ಲಿ, ಎಷ್ಟು ತಿಂಗಳು, ಯಾವ ಹೊಣೆಯಲ್ಲಿ ದುಡಿದಿರಿ ಎಂದು ಬರೆದಿಡಿ, ಮತ್ತು ವಿದ್ಯಾರ್ಥಿಯಾಗಿರುವಾಗಲೇ ವೃತ್ತಿಸಂಘದ ಸದಸ್ಯತ್ವ ಪಡೆಯಿರಿ. 1920ರಲ್ಲಿ ಸ್ಥಾಪನೆಯಾದ ಸೊಸೈಟಿ ಆಫ್ ಎಕನಾಮಿಕ್ ಜಿಯಾಲಜಿಸ್ಟ್ಸ್‌ಗೆ ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಘಟಕಗಳಿವೆ. ಸಹಿ ಹಾಕುವ ಅರ್ಹತೆ ಬಂದ ಮೇಲೆ ಒತ್ತಡವೂ ಬರುತ್ತದೆ. ಅನುಮಾನಿತ ವರ್ಗದ (ಖಚಿತತೆ ಕಡಿಮೆ ಇರುವ) ಸಂಪನ್ಮೂಲವನ್ನು ಅದಕ್ಕಿಂತ ಖಚಿತವಾದ ಸೂಚಿತ ವರ್ಗಕ್ಕೆ ಏರಿಸಿದರೆ ಷೇರಿನ ಬೆಲೆ ಏರುತ್ತದೆ ಎಂದು ಯಾರಾದರೂ ಹೇಳಿದಾಗ, ರಂಧ್ರಗಳ ನಡುವಿನ ಅಂತರ ಅದನ್ನು ಬೆಂಬಲಿಸದಿದ್ದರೆ, ಇಲ್ಲವೆನ್ನಬೇಕಾದವರು ನೀವೇ. ಕಾಗದದ ಮೇಲಿರುವುದು ನಿಮ್ಮ ಹೆಸರು.

ರಂಧ್ರ ಬರಿದಾದ ದಿನ

ಬರಿದಾದ ರಂಧ್ರಕ್ಕೂ ಒಂದು ಮುಕ್ತಾಯದ ವರದಿ ಬರೆಯಿರಿ. ಕೊರೆಯುವ ಮೊದಲು ಏನನ್ನು ನಿರೀಕ್ಷಿಸಿದ್ದೆವು, ಯಾವ ಆಳದಲ್ಲಿ ಏನು ಸಿಕ್ಕಿತು, ಸಮೀಕ್ಷೆಯಲ್ಲಿ ಕಂಡ ಅಸಹಜತೆಗೆ ಕಾರಣ ಗ್ರಾಫೈಟೋ, ಮ್ಯಾಗ್ನೆಟೈಟೋ, ಉಪ್ಪುನೀರೋ, ಇನ್ನೂ ಉತ್ತರವಿಲ್ಲದ ಪ್ರಶ್ನೆ ಯಾವುದು, ಇಷ್ಟು ಇದ್ದರೆ ಎರಡು ಪುಟ ಸಾಕು. ಮಂಗೋಲಿಯದ ಓಯು ತೊಲ್ಗೊಯ್‌ನಲ್ಲಿ ಬಿಎಚ್‌ಪಿ ಕಂಪನಿ ಕೆಲವು ರಂಧ್ರಗಳನ್ನು ಕೊರೆದು ಆ ಜಾಗವನ್ನು ಕೈಬಿಟ್ಟಿತ್ತು. ಅದನ್ನು ಪಡೆದ ಐವನ್‌ಹೋ ಕಂಪನಿ ಹಿಂದಿನವರ ಫಲಿತಾಂಶಗಳನ್ನು ಓದಿಕೊಂಡು ಕೊರೆಯುತ್ತ ಹೋಗಿ 2001ರಲ್ಲಿ ದಪ್ಪ ತಾಮ್ರ-ಚಿನ್ನದ ಅದಿರನ್ನು ಮುಟ್ಟಿತು. ನಿಮ್ಮ ನಂತರ ಬರುವವರಿಗೂ ಓದಲು ಏನಾದರೂ ಸಿಗಬೇಕು. ಆದ್ದರಿಂದ ಶಿಬಿರ ಮುಚ್ಚುವ ವಾರ ಕೋರ್ ಪೆಟ್ಟಿಗೆಗಳನ್ನು ನೆಲದಿಂದ ಎತ್ತರದಲ್ಲಿ ಜೋಡಿಸಿ ಮೇಲೊಂದು ಹೊದಿಕೆ ಹಾಕಿಸಿ. ಮಾರ್ಕರ್ ಶಾಯಿ ಬಿಸಿಲಿಗೆ ಮಾಸಿ ಹೋಗುವುದರಿಂದ, ರಂಧ್ರದ ಸಂಖ್ಯೆಯನ್ನೂ ಆಳವನ್ನೂ ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಕೊರೆದು ಪ್ರತಿ ಪೆಟ್ಟಿಗೆಯ ತುದಿಗೆ ಬಡಿಯಿರಿ.